ಏಳನೇ ಮಟ್ಟದ ಕಂಬಗಳು

ನೆಲಗುಡ್ಡ ಗಣಿ
ಫೆಬ್ರವರಿ 30, 2297

ಗಣಿ ಸುರಕ್ಷತಾ ಅಧಿಕಾರಿ ಸಂಗನಬಸಪ್ಪ ಹುಲ್ಲೂರ ಅವರಿಗೆ,

ತಾರೀಖು ನೋಡಿ ಹುಬ್ಬೇರಿಸಬೇಡಿ; ನಮ್ಮ ಫೆಬ್ರವರಿಗೆ ಮೂವತ್ತು ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಅದಕ್ಕೆ ಕ್ಷಮೆ ಇರಲಿ. ಬೇರೆ ಯಾವುದಕ್ಕೂ ನಾನು ಕ್ಷಮೆ ಕೇಳುವುದಿಲ್ಲ, ಕೊಡುವುದೂ ಇಲ್ಲ.

ನಾನು ಹುಲಿಗೆವ್ವ, ಈ ಗಣಿಯ ಹಿರಿಯ ಕಿವಿಗಾತಿ. ನಿಮ್ಮ ಹುದ್ದೆಯೇ, ಹೆಸರು ಮಾತ್ರ ಬೇರೆ. ಕಬ್ಬಿಣದ ಸಲಾಕೆಯಿಂದ ಸುರಂಗದ ಛಾವಣಿ ಬಡಿದು ಕಿವಿಗೊಟ್ಟು ಕೇಳುವುದು ನಮ್ಮ ಕೆಲಸ. ಠಣ್ ಎಂದರೆ ಬಂಡೆ ಗಟ್ಟಿ, ಬೊದ್ ಎಂದರೆ ಸಡಿಲ. ಯಂತ್ರಗಳೂ ಇವೆ, ಆದರೆ ಯಂತ್ರ ಸಹಿ ಹಾಕುವುದಿಲ್ಲ. ಸಹಿ ಹಾಕಿದವರು ಆ ಛಾವಣಿಯ ಕೆಳಗೆ ಮೊದಲ ಪಾಳಿ ಪೂರ್ತಿ ಕಳೆಯಬೇಕು. ಇದಕ್ಕೆ ಸಹಿಪಾಳಿ ಎನ್ನುತ್ತೇವೆ. ರೊಟ್ಟಿ, ಪುಂಡಿಪಲ್ಲೆ ಅಲ್ಲಿಗೇ ಬರುತ್ತವೆ. ಅತಿಥಿಗೃಹದಲ್ಲಿ ಕಾಲು ಚಾಚಿ ಸಹಿ ಹಾಕುವ ನಿಮ್ಮ ಸುಖ ನಮಗಿಲ್ಲ.

ನಮಗೆ ತಲೆಮಾರುಗಳ ಹಿಂದಿನ, ನಿಮ್ಮ ಲೆಕ್ಕದಲ್ಲಿ ಹೋದ ವಾರದ ಮಾತು. ನೀವು ತಪಾಸಣೆಗೆ ಬರುವ ಸುದ್ದಿ ಮೂರು ದಿನ ಮೊದಲೇ ಮ್ಯಾನೇಜರಿಗೆ ಮುಟ್ಟಿತ್ತು. "ಸಾಹೇಬ್ರು ಮೂರನೇ ಮಟ್ಟ ಅಷ್ಟ ನೋಡ್ತಾರ. ಏಳರಾಗಿನ ಕಂಬ ಎಲ್ಲಾ ಮ್ಯಾಲ ತಗೊಂಡು ಬರ್ರಿ" ಎಂದ. ತಮ್ಮ ತಲೆಯ ಮೇಲಿನ ಛಾವಣಿಗೆ ಆಸರೆಯಾಗಿದ್ದ ಕಂಬಗಳನ್ನು ಕೆಲಸಗಾರರೇ ಹೊತ್ತು ತಂದರು. ಅವರಲ್ಲಿ ನನ್ನ ಮನೆತನದ ದುರುಗಪ್ಪನೂ ಒಬ್ಬ. ಸಾಹೇಬರ ಮುಂದೆ ಗಣಿಯ ಮಾನ ಉಳಿಯಲಿ ಎಂದುಕೊಂಡ, ಪುಣ್ಯಾತ್ಮ! ಸಂಜೆ ಹೆಗಲು ನೀವಿಕೊಳ್ಳುತ್ತ ಹೆಂಡತಿಗೆ ಹೇಳಿದ: "ಕಂಬ ನೋಡಿ ಸಾಹೇಬ್ರು ಭೇಷ್ ಅಂದ್ರು ನೋಡ." ಮರುದಿನ ಏಳನೇ ಮಟ್ಟದಲ್ಲಿ ಛಾವಣಿ ಅವನ ಮೇಲೆ ಬಿತ್ತು.

ಅವಳು ಮಗಳಿಗೆ ಹೇಳಿದಳು, ಮಗಳು ತನ್ನ ಮಗಳಿಗೆ. ಆ ಹೊಟ್ಟೆಯುರಿ ಆರದೆ ನನ್ನವರೆಗೂ ಬಂದಿದೆ.

ನಾಳೆ ನೀವು ಬರೆಯಲಿರುವ ವರದಿ ನನ್ನ ಮೇಜಿನ ಮೇಲಿದೆ. 'ಏಳನೇ ಮಟ್ಟವನ್ನು ಖುದ್ದಾಗಿ ಪರಿಶೀಲಿಸಿದ್ದೇನೆ. ಬಂಡೆ ಗಟ್ಟಿ, ಕಂಬ ಕಡಿಮೆ ಸಾಕು. ಮೃತನ ಸ್ವಂತ ನಿರ್ಲಕ್ಷ್ಯದಿಂದ ಅಪಘಾತ.' ಖುದ್ದಾಗಿಯಂತೆ! ನಿಮ್ಮ ಬೂಟಿಗೆ ಆ ಮಟ್ಟದ ಧೂಳು ಕೂಡ ಅಂಟಿಲ್ಲ. ಸತ್ತವನ ತಲೆಗೆ ತಪ್ಪು ಕಟ್ಟಲು ನಾಚಿಕೆಯಾಗುವುದಿಲ್ಲವೇ ನಿಮಗೆ?

ಅಂದು ಮುಚ್ಚಿದ ಆ ಮಟ್ಟವನ್ನು ನಾವೀಗ ತೆರೆಯುತ್ತಿದ್ದೇವೆ. ಅಲ್ಲಿನ ಬಂಡೆಯ ಬಗ್ಗೆ ಉಳಿದಿರುವ ದಾಖಲೆ ನಿಮ್ಮದೊಂದೇ. ಅದನ್ನು ನಂಬಿಯೇ ಕಂಬ ಕಡಿಮೆ ನಿಲ್ಲಿಸಿದ್ದಾರೆ. ಬಡಿದು ನೋಡಬೇಕೆಂದರೂ ಮೊದಲು ಯಾರಾದರೂ ಅದರ ಕೆಳಗೆ ನಿಲ್ಲಬೇಕಲ್ಲ! ನಿಲ್ಲುವವಳು ಶಾಂಭವಿ ಹುಲ್ಲೂರ, ಇಪ್ಪತ್ಮೂರು ವರ್ಷದ ಹೊಸ ಕಿವಿಗಾತಿ. ಹೌದು, ನಿಮ್ಮದೇ ವಂಶದ ಕುಡಿ. ನಮ್ಮ ಹಿರಿಯರ ವರದಿ ಇದೆಯಲ್ಲ, ಭಯವೇನು ಎಂದು ಹೆಮ್ಮೆಯಿಂದ ಹೊರಟಿದ್ದಾಳೆ. ಅವಳನ್ನು ಆರಿಸಿದವಳು ನಾನು.

ದುರುಗಪ್ಪನ ಕಥೆ ಅವಳಿಗೆ ಹೇಳಬಹುದಿತ್ತು. ಹೇಳಿಲ್ಲ, ಹೇಳುವುದೂ ಇಲ್ಲ. ಅವನ ಹೆಂಡತಿಯ ಮಾತನ್ನು ಬಾಯಿಮಾತೆಂದು ತಳ್ಳಿಹಾಕಿ, ಕಾಗದದಲ್ಲಿದ್ದುದೇ ಸತ್ಯ ಎಂದವರು ನೀವು. ಕಾಗದವೇ ಮಾತಾಡಲಿ.

ನಿಮ್ಮ ಕಾಲದಲ್ಲಿ ಆ ವರದಿಗೆ ಇನ್ನೂ ಸಹಿ ಬಿದ್ದಿಲ್ಲ. ಶಾಂಭವಿ ಬೆಳಿಗ್ಗೆ ಆರಕ್ಕೆ ಇಳಿಯುತ್ತಾಳೆ.

ಹುಲಿಗೆವ್ವ