ಮಾವನವರ ಪಾಟೀಸವಾಲು

ಪ್ರೀತಿಯ ಮಾವನವರಿಗೆ,

ನಿಮ್ಮ ಸೊಸೆ ಬಿಂದು ಮಾಡುವ ನಮಸ್ಕಾರಗಳು.

ನೀವೂ ಅತ್ತೆಯವರೂ ಹೂಟಗಳ್ಳಿಯ ನನ್ನ ತವರುಮನೆಯಿಂದ ಹೊರಟು ಎರಡು ಗಂಟೆಯಾಯಿತು. ಮಗು ಹಾಲು ಕುಡಿದು ಮಲಗಿದೆ. ಅಪ್ಪ ಟೀವಿ ಮುಂದೆ ಕೂತು ಒಬ್ಬರೇ ನಗುತ್ತಿದ್ದಾರೆ. ಆ ನಗುವಿಗೆ ನೀವೇ ಕಾರಣ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ದನಿ ಕೇಳಿದ ಕೂಡಲೇ ನನಗೆ ಅರ್ಧ ಮಾತು ಮರೆತುಹೋಗುತ್ತದೆ. ನಲವತ್ತು ವರ್ಷದ ವಕೀಲಿಯಲ್ಲಿ ಇನ್ನೆಷ್ಟು ಸಾಕ್ಷಿಗಳಿಗೆ ಹೀಗಾಗಿತ್ತೋ! ಅದಕ್ಕೇ ಬರೆಯುತ್ತಿದ್ದೇನೆ.

ನಾನು ಅಗ್ರಹಾರದ ನಿಮ್ಮ ಮನೆಗೆ ಬಂದು ಎಂಟು ತಿಂಗಳಾದರೂ ನೀವು ನನ್ನೊಡನೆ ಎಂಟು ಮಾತು ಆಡಿರಲಿಲ್ಲ. ಅಭಿರಾಮ್ ಬೇರೆ ಜಾತಿಯ ಹುಡುಗಿಯನ್ನು, ಅದರಲ್ಲೂ ಕಾರ್ಖಾನೆ ಕಾರ್ಮಿಕರ ಮಗಳನ್ನು ಮದುವೆಯಾದದ್ದು ನಿಮಗೆ ಸರಿಬಂದಿರಲಿಲ್ಲ. ರಿಜಿಸ್ಟ್ರಾರ್ ಕಚೇರಿಗೆ ಅತ್ತೆ ಬಂದರು, ನೀವು ಬರಲಿಲ್ಲ. ಬೈದಿರಿ ಅನ್ನುವಂತಿಲ್ಲ. ಕಾಫಿ ತಂದರೆ "ಅಲ್ಲಿಡಮ್ಮ" ಅನ್ನುತ್ತಿದ್ದಿರಿ, ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಹೇಳುತ್ತಿದ್ದೆನೇನೋ. ಆ ಪೇಪರಿಗೆ ನಾನೇನು ಹೇಳಲಿ?

ಅಷ್ಟರಲ್ಲಿ ಸ್ಕೂಟರಿನಿಂದ ಬಿದ್ದು ನನ್ನ ಕಾಲು ಮುರಿಯಿತು. ಆರು ವಾರ ಪ್ಲಾಸ್ಟರ್. ಮಧ್ಯಾಹ್ನ ಅತ್ತೆ ಮಲಗುತ್ತಿದ್ದರು, ಅಭಿರಾಮ್ ಕೆಲಸಕ್ಕೆ ಹೋಗಿರುತ್ತಿದ್ದರು. ಟೀವಿ ಇದ್ದದ್ದು ನಡುಮನೆಯಲ್ಲಿ, ನಿಮ್ಮ ಆರಾಮಕುರ್ಚಿ ಇದ್ದದ್ದೂ ಅಲ್ಲೇ. ಧೈರ್ಯ ಮಾಡಿ, ಪಿಯುಸಿಯಿಂದ ನಾನು ನೋಡಿಕೊಂಡು ಬಂದ ಜಪಾನಿನ ಆ ಕಾರ್ಟೂನ್ ಸೀರಿಯಲ್ ಹಾಕಿಕೊಂಡೆ. ಆರುನೂರಕ್ಕೂ ಹೆಚ್ಚು ಕಂತು, ಬರೀ ಹೊಡೆದಾಟ. ನಿಮಗೆ ಕಿರಿಕಿರಿಯಾಗದಿರಲಿ ಎಂದು ದನಿ ಪೂರ್ತಿ ತಗ್ಗಿಸಿ, ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಓದಿಕೊಂಡು ನೋಡುತ್ತಿದ್ದೆ. ನಾಲ್ಕನೆಯ ದಿನವೋ ಐದನೆಯ ದಿನವೋ ಪೇಪರಿನ ಹಿಂದಿನಿಂದ ದನಿ ಬಂತು.

"ಅಲ್ಲಮ್ಮ, ಆ ಕೆಂಪು ಕೂದಲಿನವನು ನಿನ್ನೆ ಸತ್ತಿರಲಿಲ್ವೇ?"

"ಹೌದು ಮಾವ, ಸತ್ತಿದ್ದ" ಎಂದೆ.

"ಮತ್ತೆ ಇವತ್ತು ಊಟ ಮಾಡ್ತಿದಾನೆ?"

ಅಂದರೆ ನಾಲ್ಕು ದಿನದಿಂದ ನೀವೂ ನೋಡುತ್ತಿದ್ದಿರಿ!

ಮರುದಿನದಿಂದ ಪೇಪರ್ ಮಡಿಲಿಗೆ ಇಳಿಯಿತು, ಪಾಟೀಸವಾಲು ಶುರುವಾಯಿತು. ಇನ್ನು ಐದು ನಿಮಿಷಕ್ಕೆ ಲೋಕವೇ ಸ್ಫೋಟವಾಗುತ್ತದೆ ಅಂದವರು ಹನ್ನೊಂದು ಕಂತು ಕಳೆದರೂ ಮಾತಾಡುತ್ತಲೇ ಇದ್ದಾರಲ್ಲ, ಇವರ ಗಡಿಯಾರ ಯಾವುದು? ಜೀವಮಾನಕ್ಕೆ ಒಂದೇ ಸಲ ಪ್ರಯೋಗಿಸಬಹುದಾದ ವಿದ್ಯೆ ಅಂದ ಗುರು ಈಗ ಮೂರನೇ ಸಲ ಪ್ರಯೋಗಿಸುತ್ತಿದ್ದಾನಲ್ಲ, ಅವನಿಗೆ ಎಷ್ಟು ಜೀವಮಾನ? ಹುಡುಗ ಬಾಲ್ಯದ ಕಥೆ ಹೇಳಿ ಅಳುವಾಗ ಶತ್ರುಗಳ ಸೈನ್ಯವೆಲ್ಲ ಕತ್ತಿ ಎತ್ತಿಕೊಂಡು ಸುಮ್ಮನೆ ನಿಂತು ಕೇಳುತ್ತದಲ್ಲ, ಅವರಿಗೆ ಕೈ ನೋಯುವುದಿಲ್ಲವೇ? ಒಂದು ಸಲ ನೀವು ಎದ್ದು ಟೀವಿಯ ಹತ್ತಿರವೇ ಹೋಗಿ ಬೆರಳಿಟ್ಟು ತೋರಿಸಿದಿರಿ. "ನೋಡು, ಗಾಯ ಆದದ್ದು ಎಡಗೈಗೆ, ಪಟ್ಟಿ ಕಟ್ಟಿರೋದು ಬಲಗೈಗೆ. ಈ ಕೇಸು ನಿಲ್ಲಲ್ಲ." ನಾನು ನಕ್ಕ ರಭಸಕ್ಕೆ ಅತ್ತೆ ನಿದ್ದೆಯಿಂದ ಎದ್ದು ಬಂದರು. ನೀವು ಥಟ್ಟನೆ ಪೇಪರ್ ಎತ್ತಿಕೊಂಡಿರಿ. ಅದು ತಲೆಕೆಳಗಾಗಿತ್ತು ಮಾವ. ಅತ್ತೆಯೂ ನಾನೂ ಅದನ್ನು ನಿಮಗೆ ಹೇಳಲಿಲ್ಲ.

"ಹಗಲೆಲ್ಲ ಫ್ಯಾಕ್ಟರೀಲಿ ಸ್ವಿಚ್ಚುಗಳಲ್ಲಿ ದೋಷ ಹುಡುಕೋ ಕೆಲಸ ಮಾಡೋಳು ನೀನು, ಇದರಲ್ಲಿ ಇಷ್ಟು ದೋಷ ಇಟ್ಕೊಂಡು ಹೇಗಮ್ಮ ನೋಡ್ತೀಯ?" ಎಂದು ಕೇಳಿದಿರಿ. "ದೋಷ ಗೊತ್ತಾಗುತ್ತೆ ಮಾವ. ಆದರೆ ಆ ಹುಡುಗ ಸೋತು ಬಿದ್ದಾಗೆಲ್ಲ ಸ್ನೇಹಿತರು ಬಂದು ಎತ್ತುತ್ತಾರಲ್ಲ, ಅದು ನನಗೆ ಬೇಕು. ಅದಕ್ಕೋಸ್ಕರ ಉಳಿದಿದ್ದನ್ನ ನಂಬ್ತೀನಿ" ಎಂದೆ. ನೀವು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದಿರಿ. ಅದನ್ನು ಮತ್ತೆ ಹಾಕಿಕೊಂಡು "ಮುಂದಿನ ಕಂತು ಹಾಕು" ಎಂದಿರಿ.

ಈಗ ನಿಮಗೆ ಗೊತ್ತಿಲ್ಲದ ಒಂದು ಸಂಗತಿ. ಪ್ಲಾಸ್ಟರ್ ಬಿಚ್ಚಿದ ವಾರ ನಿಮ್ಮ ಚಿಕ್ಕಪ್ಪನ ಮಗ ವಾಗೀಶ ಅವರು ಬಂದಿದ್ದರು. ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ. "ಅಲ್ಲ ನಂಜುಂಡಣ್ಣ, ಇಷ್ಟು ಓದಿಕೊಂಡು, ನೀನು ಈ ಸಂಬಂಧಾನ ಹೇಗೆ ಒಪ್ಕೊಂಡ್ಬುಟ್ಟೆ? ಒಂದು ಕಾರಣ ಹೇಳು" ಎಂದರು. ಲೋಟ ಹಿಡಿದ ನನ್ನ ಕೈ ನಿಂತೇಹೋಯಿತು. ಆಮೇಲೆ ನಿಮ್ಮ ದನಿ ಕೇಳಿಸಿತು.

"ಕಾರಣ ಹುಡುಕ್ತಾ ಕೂತಿದ್ದೆ ಕಣೋ ವಾಗೀಶ. ಎಂಟು ತಿಂಗಳು ವ್ಯರ್ಥ ಆಯ್ತು. ಅವಳು ಬಂದ ಮೇಲೆ ಮನೇಲಿ ನಗು ಕೇಳ್ತಿದೆ. ನೀನು ಕಾಫಿ ಕುಡಿ."

ಆ ಕಾಫಿಗೆ ನಾನು ಸಕ್ಕರೆ ಹಾಕುವುದನ್ನೇ ಮರೆತಿದ್ದೆ. ವಾಗೀಶ ಅವರು ಮುಖ ಕಿವುಚಿದ್ದು ನಿಮ್ಮ ಮಾತಿಗೆ ಎಂದು ನೀವು ಈಗಲೂ ತಿಳಿದಿರಬಹುದು.

ಆಮೇಲೆ ನಮ್ಮ ಮಗಳು ಹೊಟ್ಟೆಗೆ ಬಂದಳು, ಹುಟ್ಟಿದಳು, ನಾನು ಬಾಣಂತನಕ್ಕೆ ಇಲ್ಲಿಗೆ ಬಂದೆ. ಬೀಗರ ಮನೆಗೆ ನೀವು ಒಮ್ಮೆಯೂ ಕಾಲಿಟ್ಟಿರಲಿಲ್ಲ. ಕರೆಯಲು ಅಪ್ಪನಿಗೆ ಸಂಕೋಚ. "ದೊಡ್ಡ ಜನ ಕಣವ್ವ, ನಮ್ಮನೇಲಿ ಎಂಗೆ ಕೂತ್ಕೋತಾರೆ" ಎನ್ನುತ್ತಿದ್ದರು. ಇವತ್ತು ಬೆಳಿಗ್ಗೆ ಯಾರೂ ಕರೆಯದೆ ಅತ್ತೆಯವರ ಜೊತೆ ನೀವೇ ಬಂದು ಬಾಗಿಲಲ್ಲಿ ನಿಂತಿರಿ. ಅಪ್ಪ ಬನಿಯನ್ನಿನಲ್ಲಿದ್ದರು, ಶರಟು ಹುಡುಕಲು ಮೂರು ಸಲ ಒಳಗೆ ಹೋಗಿ ಬರಿಗೈಯಲ್ಲಿ ವಾಪಸು ಬಂದರು. ಅಮ್ಮ ಬಡಿಸಿದ ಬಸ್ಸಾರಿಗೆ ನೀವು ಎರಡನೇ ಸಲ ಅನ್ನ ಹಾಕಿಸಿಕೊಂಡಿರಿ. ಅಮ್ಮ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ.

ಊಟವಾದ ಮೇಲೆ ನನ್ನ ಸೀರಿಯಲ್ ನಡೆಯುತ್ತಿತ್ತು. ಅಪ್ಪನಿಗೆ ತಡೆಯಲಾಗಲಿಲ್ಲ. "ಅಲ್ಲಾ ಬೀಗ್ರೇ, ಈವಯ್ಯ ಅಷ್ಟು ಎತ್ತರದಿಂದ ಬಿದ್ದ, ಒಂದು ಮೂಳೆನೂ ಮುರೀಲಿಲ್ಲ. ಎಂಗೆ?" ನೀವು ನೆಟ್ಟಗೆ ಕೂತಿರಿ. ಗಾಳಿಯ ವೇಗ, ಗುರುವಿನ ಹಳೆಯ ವರ, ಕೆಳಗೆ ಇದ್ದಿರಬಹುದಾದ ಹುಲ್ಲಿನ ಬಣವೆ, ಒಂದಾದ ಮೇಲೊಂದು ಹೇಳಿದಿರಿ. ಬಣವೆ ಎಲ್ಲಿಯೂ ಕಾಣಲಿಲ್ಲ ಎಂದು ಅಪ್ಪ ಹಟ ಹಿಡಿದರೆ "ಕಾಣಲಿಲ್ಲ ಅಂದ ಮಾತ್ರಕ್ಕೆ ಇರಲಿಲ್ಲ ಅನ್ನೋದಕ್ಕೆ ಸಾಕ್ಷಿ ಏನು ಗುರುಸಿದ್ದಯ್ಯನವರೇ?" ಎಂದು ಮೇಜು ಕುಟ್ಟಿದಿರಿ. ಮಗು ಬೆಚ್ಚಿಬಿದ್ದು ಅತ್ತಿತು. ಇಬ್ಬರೂ ಅಪರಾಧಿಗಳ ಹಾಗೆ ಮುಖ ಮುಖ ನೋಡಿಕೊಂಡಿರಿ.

ಹೊರಡುವ ಮುಂಚೆ ನೀವು ನನ್ನ ಬಳಿ ಬಂದು, "ಬಿಂದು, ಆವತ್ತು ನಿಮ್ಮ ಮದುವೆಗೆ ನಾನು..." ಎಂದು ಶುರುಮಾಡಿದಿರಿ. ನಾನು ಮಗುವನ್ನು ನಿಮ್ಮ ಕೈಗೆ ಕೊಟ್ಟುಬಿಟ್ಟೆ. ನಿಮ್ಮ ಮಾತು ಕೇಳಲು ಇಷ್ಟವಿಲ್ಲದೆ ಅಲ್ಲ ಮಾವ. ನನಗೆ ಆ ವಿವರಣೆ ಬೇಕಾಗಿಲ್ಲ. ನೀವು ಬಂದಿರಲ್ಲ, ಬಂದು ಊಟ ಮಾಡಿದಿರಲ್ಲ.

ಮುಂದಿನ ಶುಕ್ರವಾರ ಇಲ್ಲೇ ನಾಮಕರಣ. ಗಾರ್ಗಿ ಎಂದು ಹೆಸರಿಡೋಣ ಎಂದು ಅಭಿರಾಮ್ ಹೇಳುತ್ತಾರೆ, ನನಗೂ ಇಷ್ಟ. ಅವಳ ಕಿವಿಯಲ್ಲಿ ಆ ಹೆಸರನ್ನು ಮೊದಲು ನೀವೇ ಹೇಳಬೇಕು. ಅಪ್ಪ ಈ ಸಲ ಹೊಸ ಶರಟು ಹಾಕಿಕೊಂಡು ಬಾಗಿಲಲ್ಲೇ ನಿಂತಿರುತ್ತಾರೆ.

ಅತ್ತೆಯವರಿಗೂ ನನ್ನ ನಮಸ್ಕಾರ ತಿಳಿಸಿ. ನನ್ನ ಮೇಲೂ ಮಗುವಿನ ಮೇಲೂ ನಿಮ್ಮ ಆಶೀರ್ವಾದವಿರಲಿ.

ನಿಮ್ಮ ಮಗಳಂಥ ಸೊಸೆ,
ಬಿಂದು