ಬಿಸಿ ಅಂದವರು ಸೋತರು

ಅಪ್ಪಾ,

ಇವತ್ತು ನಿನ್ನ ಮಗಳು ಸೋತಳು. ಅದೂ ಇಡೀ ಆಸ್ಪತ್ರೆಗೆ ಕೇಳುವ ಹಾಗೆ ಕೂಗಿ!

ನನ್ನ ಹೊಟ್ಟೆಯ ಕ್ಯಾನ್ಸರ್ ಗಡ್ಡೆಯನ್ನು ವಿದ್ಯುತ್ ಅಲೆಗಳಿಂದ ಕಾಯಿಸುತ್ತಾರೆ. ಕಾದ ಗಡ್ಡೆಗೆ ಔಷಧಿ ಚೆನ್ನಾಗಿ ನಾಟುತ್ತದಂತೆ. ಮೇಲೊಂದು, ಕೆಳಗೊಂದು ಚರ್ಮವನ್ನು ತಂಪಾಗಿಡುವ ನೀರಿನ ದಿಂಬು, ನಡುವೆ ನಾನು. ಚರ್ಮ ಸುಟ್ಟರೆ ತಕ್ಷಣ ಹೇಳಬೇಕು. ನಾನು ಹೇಳುತ್ತಿರಲಿಲ್ಲ. ಅಸಾಕುಸಾ ಪೇಟೆಯಲ್ಲಿ ನೀನು ನಡೆಸುತ್ತಿದ್ದ ಸಾರ್ವಜನಿಕ ಸ್ನಾನಗೃಹದಲ್ಲಿ ಬೆಳೆದವಳಲ್ಲವೇ? ಹೊಗೆಯಾಡುವ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ ನೀನು ಗಿರಾಕಿಗಳನ್ನು ಕೆಣಕುತ್ತಿದ್ದೆ: "ಬಿಸಿ ಅಂದವ್ರು ಸೋತ್ರು! ಸೋತವ್ರು ಗೆದ್ದವ್ರಿಗೆ ಹಾಲು ಕೊಡಿಸ್ಬೇಕು!"

ಹೋದ ವಾರ ನನ್ನ ಹೊಟ್ಟೆಯ ಮೇಲೆ ಬೊಬ್ಬೆ ಎದ್ದಿತ್ತು. ಯಂತ್ರ ನಡೆಸುವ ಹುಡುಗಿ ಕುವಬಾರಾ ಗದರಿದಳು: "ಫುಮಿಯೆ ಅವ್ರೇ, ಇದನ್ನೇನು ಸ್ನಾನದ ತೊಟ್ಟಿ ಅಂದ್ಕೊಂಡ್ರಾ? ನೀವು ಬಾಯಿ ಬಿಡದಿದ್ರೆ ನಂಗೆ ಹೇಗೆ ಗೊತ್ತಾಗ್ಬೇಕು?"

ಇವತ್ತು ಪಕ್ಕೆ ಚುರ್ರೆಂದಿತು. ಹಲ್ಲು ಕಚ್ಚಿದೆ. ಆಗ ನೀನು ಹಾಸಿಗೆ ಹಿಡಿದಿದ್ದ ಆ ಕೊನೆಯ ಚಳಿಗಾಲ ನೆನಪಾಯಿತು. "ನೋವಿದೆಯಾ ಅಪ್ಪಾ?" ಎಂದಾಗಲೆಲ್ಲ "ಎಲ್ಲಿ? ಏನೂ ಇಲ್ಲ" ಎನ್ನುತ್ತಿದ್ದೆ. ನಾವು ನಂಬಿದೆವು.

"ಬಿಸಿ! ಬಿಸಿ ಕಣಮ್ಮಾ, ಸುಡ್ತಿದೆ!" ಎಂದು ಕೂಗಿಬಿಟ್ಟೆ.

ಕುವಬಾರಾ ಚಪ್ಪಾಳೆ ತಟ್ಟಿದಳು. "ಅಬ್ಬಾ, ಕೊನೆಗೂ ಬಾಯಿ ಬಂತು!" ದಿಂಬು ಸರಿಪಡಿಸಿದಳು. ಉರಿ ಹೋಯಿತು. ಇದುವರೆಗೆ ಯಾವತ್ತೂ ಕೊಡಲಾಗದಿದ್ದಷ್ಟು ಕಾವನ್ನು ಗಡ್ಡೆಗೆ ಕೊಟ್ಟಳು. ಇಬ್ಬರೂ ಹುಚ್ಚರ ಹಾಗೆ ನಕ್ಕೆವು.

ಹೊರಗೆ ಬಂದು ಎರಡು ಸೀಸೆ ತಣ್ಣನೆಯ ಹಾಲು ಕೊಂಡೆ. ಸ್ನಾನ ಮುಗಿಸಿದ ನಿನ್ನ ಗಿರಾಕಿಗಳ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಒಂದನ್ನು ಒಂದೇ ಉಸಿರಿಗೆ ಕುಡಿದೆ. ಇನ್ನೊಂದನ್ನು ಪಕ್ಕದ ಕುರ್ಚಿಯ ಮೇಲಿಟ್ಟೆ.

ಅದು ನಿನ್ನದು. ಗೆದ್ದವನು ನೀನೇ. ಒಂದೇ ಒಂದು ಸಲ ಸೋಲಬಾರದಿತ್ತೇನಪ್ಪಾ?