ಅಮ್ಮಿಯ ಹೊಯ್ದಾಟ

ನವಲಗುಂದ
೧೪-೧೧-೨೦೨೪, ಗುರುವಾರ

ಪ್ರೀತಿಯ ಜರೀನಾ ಆಪಾ,

ಅಸ್ಸಲಾಮು ಅಲೈಕುಮ್. ನಿಮ್ಮ ಮೊಣಕಾಲು ನೋವು ಹೇಗಿದೆ? ಅಣ್ಣಿಗೇರಿಯ ಥಂಡಿಗೆ ಇನ್ನೂ ಹೆಚ್ಚಿರಬೇಕು, ಬಿಸಿನೀರಿನ ಕಾವು ಕೊಡುವುದನ್ನು ಬಿಡಬೇಡಿ. ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯುವವಳಿದ್ದೆ, ಕೈ ಬರುತ್ತಿಲ್ಲ. ಫೋನು ಮಾಡೋಣವೆಂದರೆ ನಿಮ್ಮ ಅಮ್ಮಿ ಬಾಜೂಕೇ ಕೂತಿರುತ್ತಾರೆ. ಅದಕ್ಕೇ ಈ ಕಾಗದ.

ಹೊಯ್ದಾಟ ಎಂಬ ಅಮ್ಮಿಯ ಬೈಗುಳದ ಮಾತು ನಿಮಗೆ ನೆನಪಿದೆಯಲ್ಲ? ಮರೆಯುವುದಾದರೂ ಹೇಗೆ, ಅದನ್ನು ಕೇಳಿಯೇ ದೊಡ್ಡವರಾದವರು ನೀವು. ಸಂತೆಯಲ್ಲಿ ಎರಡು ಬಟ್ಟೆ ಹಿಡಿದು ನಿಂತರೆ ಹೊಯ್ದಾಟ, ಸಾರಿಗೆ ಉಪ್ಪು ಹಾಕಿ ಎರಡು ಸಲ ರುಚಿ ನೋಡಿದರೂ ಹೊಯ್ದಾಟ. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಹಾಗೆಂದರೇನು ಎಂದು ಕೆದಕಿ ಕೇಳಿದ್ದೆ. "ತನ್ನ ಕೈಮ್ಯಾಲೆ ತನಗ ನಂಬಿಕಿ ಇಲ್ಲದ್ದು. ನಮ್ಮ ಮಗ್ಗದಾಗ ಅದಕ್ಕ ಜಾಗಾ ಇಲ್ಲ" ಎಂದಿದ್ದರು ಅಮ್ಮಿ.

ಆಪಾ, ಅದೇ ಅಮ್ಮಿ ಸೋಮವಾರ ನನ್ನ ಪಕ್ಕದಲ್ಲಿ ಕೂತು ಜೋಡಿ ನವಿಲಿನ ಜಮಖಾನ ನೇಯುತ್ತಿದ್ದವರು, ಎಳೆ ಬಡಿಯುವ ಪಂಜಾ ಕೈಯಲ್ಲೇ ಹಿಡಿದು ನಿಲ್ಲಿಸಿಬಿಟ್ಟರು. "ಇದು ಬರೋಬ್ಬರಿ ಐತೇನ, ರೂಬಿನಾ?" ಎಂದರು. ನನ್ನನ್ನು ಕೇಳಿದರು. ಅವರ ಬದಿಯ ನವಿಲಿನ ಕುತ್ತಿಗೆ ಸರಿಯಾಗಿಯೇ ಇತ್ತು. ಆದರೂ ಬಿಚ್ಚಿದರು, ನೇಯ್ದರು, ಮರುದಿನ ಮತ್ತೆ ಬಿಚ್ಚಿದರು. ಕಣ್ಣು ಮಂಜಾಯಿತೋ, ತಲೆಗೇನಾದರೂ ಆಯಿತೋ ಎಂದು ಹೆದರಿ ದವಾಖಾನೆಗೆ ಹೋಗೋಣವೆಂದೆ. ಆಗ ಹೊರಗೆ ಬಂತು ನೋಡಿ. ಹೆಣ್ಣುಮಕ್ಕಳಿಗೆ ಕಲಿಸಿದರೆ ಕಸುಬು ಪರರ ಮನೆ ಸೇರುತ್ತದೆಂದು ನಿಮ್ಮನ್ನು ಮಗ್ಗದ ಹತ್ತಿರ ಸುಳಿಯಗೊಡಲಿಲ್ಲವಲ್ಲ, ಅದೇ ಅವರನ್ನು ಕೊರೆಯುತ್ತಿದೆ. ಓಣಿಯ ಸೊಸೆಯಂದಿರೆಲ್ಲ ಬೇರೆ ಕೆಲಸ ಹಿಡಿದರು, ಅಮ್ಮಿಯ ಬೆರಳುಗಳು ಮೊದಲಿನಂತೆ ಮಡಚುತ್ತಿಲ್ಲ, ಉಳಿದವಳು ನಾನೊಬ್ಬಳು. "ಪರರ ಮನಿಗೆ ಹೋಗಿದ್ರ ಅಲ್ಲೆರ ಉಳೀತಿತ್ತು. ನಾ ತಪ್ಪ ಮಾಡಿದ್ನೇನ ಬೇ?" ಎಂದು ಕೇಳಿದರು. ಜೀವಮಾನದಲ್ಲಿ ಯಾರನ್ನೂ ಹೀಗೆ ಕೇಳಿದವರಲ್ಲ. ನಾನು ಅವರ ಕೈ ಹಿಡಿದು ಅತ್ತುಬಿಟ್ಟೆ.

ಅಕ್ಬರಸಾಬ ಭಾವನವರಿಗೆ ಸಲಾಂ, ಮಕ್ಕಳಿಗೆ ಮುತ್ತು. ಅಲ್ಲಾಹನು ನಿಮ್ಮೆಲ್ಲರನ್ನೂ ಸುಖವಾಗಿಡಲಿ.

ನಿಮ್ಮ
ರೂಬಿನಾ

ತಾ.ಕ.: ಮುಖ್ಯವಾದದ್ದನ್ನೇ ಬರೆಯಲಿಲ್ಲ. ಕಾಗದ ಮುಟ್ಟಿದ ದಿನವೇ ಬಸ್ಸು ಹತ್ತಿ, ಅಮ್ಮಿಯ ಮನಸ್ಸು ತಿರುಗುವುದರೊಳಗೆ. ನನ್ನ ಬದಿಯ ನವಿಲು ಮುಗಿದಿದೆ, ಅವರ ಬದಿಯದು ಕುತ್ತಿಗೆಯಿಲ್ಲದೆ ನಿಂತಿದೆ. ಇವತ್ತು ನೇಯೋಣ ಬನ್ನಿ ಎಂದು ಕರೆದರೆ ಮಗ್ಗದ ಹತ್ತಿರ ಬಂದು, ತಾವು ಕೂರುವ ಜಾಗವನ್ನು ಸೆರಗಿನಿಂದ ಒರೆಸಿದರು. "ಅದು ಜರೀನಾಂದು. ಆಕೀನ ಬಂದು ನೇಯಲಿ" ಎಂದರು.